ಕಂಟ್ರೋಲರ್ ಮುಂದೆ ಇನ್ನೊಂದು ಕನ್ವರ್ಟರ್ ಯಾಕೆ?

ಮಿನಿ ಪ್ರಾಜೆಕ್ಟ್ ಸೀಸನ್ ಶುರುವಾದರೆ ಸಾಕು, ಹಳೇ ಸೈಕಲ್‌ಗೆ ಹಬ್ ಮೋಟರ್ ಹಾಕುವ ಟೀಮ್‌ಗಳು ಹುಟ್ಟಿಕೊಳ್ಳುತ್ತವೆ. ಒಳ್ಳೇದೇ. ಆದರೆ ಅವುಗಳಲ್ಲಿ ಒಂದಲ್ಲ ಒಂದು ಟೀಮ್ ಇದೇ ಜಾಗಕ್ಕೆ ಬಂದು ನಿಲ್ಲುತ್ತೆ: ಮೋಟರ್ ಮತ್ತು ಕಂಟ್ರೋಲರ್ ಕಿಟ್ 48 ವೋಲ್ಟ್‌ದು, ಬ್ಯಾಟರಿ ಮಾತ್ರ ಯಾವುದೋ ಹಳೇ ಇ-ಸ್ಕೂಟರ್‌ನಿಂದ ಬಿಚ್ಚಿದ 72 ವೋಲ್ಟ್ ಪ್ಯಾಕ್. ಕಡಿಮೆ ಬೆಲೆಗೆ ಸಿಕ್ತು, ತಗೊಂಡ್ರು. ಆಮೇಲೆ ವಾಟ್ಸಾಪ್ ಗ್ರೂಪ್‌ನಲ್ಲಿ ಪ್ರಶ್ನೆ ಬರುತ್ತೆ: "72ರಿಂದ 48ಕ್ಕೆ ಇಳಿಸೋ ಬಕ್ ಕನ್ವರ್ಟರ್ ಬೇಕು, 30 ಆಂಪ್ಸ್ ತಡೀಬೇಕು, ಎಲ್ಲಿ ಸಿಗುತ್ತೆ?"

ಹತ್ತು ನಿಮಿಷದಲ್ಲಿ ನಾಲ್ಕು ಲಿಂಕ್ ಬರುತ್ತವೆ. "ಯಾಕೆ ಬೇಕು?" ಅಂತ ಒಬ್ಬರೂ ಕೇಳಲ್ಲ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ.

ನಮ್ಮ ಅಭಿಪ್ರಾಯ ನೇರವಾಗಿ ಹೇಳ್ತೀವಿ. ಸೈಕಲ್ ಓಡಿಸುವ ಕರೆಂಟ್ ಹರಿಯುವ ದಾರಿಯಲ್ಲಿ, ಬ್ಯಾಟರಿ ಮತ್ತು ಕಂಟ್ರೋಲರ್ ನಡುವೆ, ಆ ಕನ್ವರ್ಟರ್‌ಗೆ ಕೆಲಸವೇ ಇಲ್ಲ. ದುಡ್ಡು ದಂಡ, ಶಾಖ ಜಾಸ್ತಿ, ಅಪಾಯವೂ ಜಾಸ್ತಿ. ಪವರ್ ಎಲೆಕ್ಟ್ರಾನಿಕ್ಸ್ ಪೇಪರ್ ನಮಗಿನ್ನೂ ಬಂದಿಲ್ಲ, ಅದು ಮೂರನೇ ವರ್ಷಕ್ಕೆ. ಆದರೆ ಇದಕ್ಕೆ ಬೇಕಾದ ಲೆಕ್ಕ ಫಸ್ಟ್ ಇಯರ್‌ನ ಬೇಸಿಕ್ ಎಲೆಕ್ಟ್ರಿಕಲ್‌ನದ್ದೇ.

ಆ 24 ವೋಲ್ಟ್ ಎಲ್ಲಿಗೆ ಹೋಗುತ್ತೆ?

ಮೊದಲು "72 ವೋಲ್ಟ್" ಅನ್ನೋ ಹೆಸರನ್ನೇ ನೋಡೋಣ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್‌ಗೆ ನಾಮಿನಲ್ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಇಂಥ 20 ಸೆಲ್ ಸಾಲಾಗಿ ಇದ್ದರೆ ಹೆಸರಿಗೆ 72, ಫುಲ್ ಚಾರ್ಜ್‌ನಲ್ಲಿ 84 ವೋಲ್ಟ್. 48 ವೋಲ್ಟ್ ಪ್ಯಾಕ್‌ನಲ್ಲಿ 13 ಸಾಲು, ಫುಲ್ ಚಾರ್ಜ್‌ನಲ್ಲಿ 54.6. ಅದಕ್ಕೇ 48 ವೋಲ್ಟ್ ಕಂಟ್ರೋಲರ್ ಬಿಚ್ಚಿ ನೋಡಿದರೆ ಒಳಗಿನ ದೊಡ್ಡ ಕೆಪ್ಯಾಸಿಟರ್ ಮೇಲೆ ಸಾಮಾನ್ಯವಾಗಿ 63 ವೋಲ್ಟ್ ಅಂತ ಬರೆದಿರುತ್ತೆ. ಅದಕ್ಕೆ 84 ವೋಲ್ಟ್ ನೇರವಾಗಿ ಕೊಟ್ಟರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಇಳಿಸಬೇಕು ಅನ್ನೋ ಆಸೆ ಹುಟ್ಟೋದು ಇಲ್ಲಿಂದಲೇ, ಅದರಲ್ಲಿ ತಪ್ಪಿಲ್ಲ.

ಆದರೆ ಇಳಿಸೋದು ಹೇಗೆ? ಅತಿ ಸುಲಭದ ಐಡಿಯಾ ಸೀರೀಸ್‌ನಲ್ಲಿ ರೆಸಿಸ್ಟರ್. 24 ವೋಲ್ಟ್ ಭಾಗಿಸು 30 ಆಂಪ್ಸ್, 0.8 ಓಮ್. ಕಾಗದದ ಮೇಲೆ ಸರಿ. ಅದರಲ್ಲಿ ಸುಡೋ ಪವರ್ 24 ಗುಣಿಸು 30, ಅಂದರೆ 720 ವ್ಯಾಟ್. ಸೈಕಲ್‌ಗೆ ಒಂದು ಇಸ್ತ್ರಿಪೆಟ್ಟಿಗೆ ಕಟ್ಟಿಕೊಂಡು ಓಡಾಡಿದ ಹಾಗೆ. ಇದಕ್ಕಿಂತ ದೊಡ್ಡ ತೊಂದರೆ ಏನಂದ್ರೆ, ರೆಸಿಸ್ಟರ್ 24 ವೋಲ್ಟ್ ಇಳಿಸೋದು 30 ಆಂಪ್ಸ್ ಹರಿದಾಗ ಮಾತ್ರ. 5 ಆಂಪ್ಸ್ ಹರಿದರೆ ಇಳಿಯೋದು ಬರೀ 4 ವೋಲ್ಟ್. ಸಿಗ್ನಲ್‌ನಲ್ಲಿ ನಿಂತಾಗ ಏನೂ ಇಳಿಯಲ್ಲ, ಪೂರ್ತಿ 84 ವೋಲ್ಟ್ ಕಂಟ್ರೋಲರ್ ಮೇಲೆ ಕೂರುತ್ತೆ. ಸಾಲಾಗಿ ಡಯೋಡ್ ಹಾಕಿದ್ರೂ ಶಾಖದ ಕಥೆ ಅದೇ. ಎಷ್ಟು ವೋಲ್ಟ್ ಇಳಿಸ್ತೀರೋ ಅದನ್ನ ಕರೆಂಟ್‌ನಿಂದ ಗುಣಿಸಿ, ಅಷ್ಟೂ ಶಾಖ.

ಮಾಡ್ಯೂಲ್ ಮೇಲೆ ಬರೆದ ನಂಬರ್

"ಅದಕ್ಕೇ ಬಕ್ ಕನ್ವರ್ಟರ್" ಅಂತೀರಿ. ಸರಿ, ಅದು ಸುಡಲ್ಲ, ಸ್ವಿಚ್ ಮಾಡುತ್ತೆ. ತತ್ವದಲ್ಲಿ ಒಳ್ಳೇ ಸಾಧನ. ಲ್ಯಾಬ್‌ನಲ್ಲಿ ನಾವೆಲ್ಲ ಬಳಸೋ ಎಲ್‌ಎಂ2596 ಮಾಡ್ಯೂಲ್ ಕೂಡ ಅದೇ ಜಾತಿ. ಆದರೆ ಆ ಚಿಪ್‌ನ ಮಿತಿ 3 ಆಂಪ್ಸ್, ಇನ್‌ಪುಟ್ 40 ವೋಲ್ಟ್. ಇನ್ನೊಂದು ಜನಪ್ರಿಯ ಚಿಪ್ ಎಕ್ಸ್‌ಎಲ್4015ಗೆ 5 ಆಂಪ್ಸ್, 36 ವೋಲ್ಟ್. ಅಂದ್ರೆ ನಮ್ಮ ಡಬ್ಬದಲ್ಲಿರೋ ಯಾವ ಮಾಡ್ಯೂಲ್ ಕೂಡ 48 ವೋಲ್ಟ್ ಬ್ಯಾಟರಿಗೇ ತಡೆಯಲ್ಲ, 72 ದೂರದ ಮಾತು. "ಚಿಕ್ಕದು ಕೆಲಸ ಮಾಡ್ತು, ದೊಡ್ಡದೂ ಮಾಡುತ್ತೆ" ಅನ್ನೋ ಅನುಭವ ಇಲ್ಲಿ ಲಾಗೂ ಆಗಲ್ಲ.

48 ವೋಲ್ಟ್, 30 ಆಂಪ್ಸ್ ಅಂದ್ರೆ 1440 ವ್ಯಾಟ್. ಕನ್ವರ್ಟರ್ ಎಫಿಶಿಯೆನ್ಸಿ 95 ಪರ್ಸೆಂಟ್ ಇದ್ದರೂ ಸುಮಾರು 76 ವ್ಯಾಟ್ ಶಾಖ. 90 ಇದ್ದರೆ 160 ವ್ಯಾಟ್. ಲ್ಯಾಬ್‌ನ 25 ವ್ಯಾಟ್ ಸೋಲ್ಡರಿಂಗ್ ಐರನ್ ಆರನ್ನ ಒಂದು ಡಬ್ಬಿಯಲ್ಲಿ ಹಾಕಿ ಆನ್ ಮಾಡಿದ ಹಾಗೆ. ಮಳೆ ನೀರು ಹೋಗಬಾರದು ಅಂತ ಆ ಡಬ್ಬಿಯನ್ನ ಮುಚ್ಚಿಯೂ ಇಡ್ತೀವಿ! ಒಳಗಿನ ಇಂಡಕ್ಟರ್ ಸರಾಸರಿ 30 ಆಂಪ್ಸ್ ಹೊರಬೇಕು, ರಿಪಲ್ ಸೇರಿದರೆ ಪೀಕ್ ಇನ್ನೂ ಮೇಲೆ. ಕೋರ್ ಸ್ಯಾಚುರೇಟ್ ಆದ ಗಳಿಗೆಯಲ್ಲಿ ಅದು ಇಂಡಕ್ಟರ್ ಆಗಿ ಉಳಿಯಲ್ಲ, ಬರೀ ತಾಮ್ರದ ತಂತಿ ಆಗಿಬಿಡುತ್ತೆ.

ಇಷ್ಟೇ ಆಗಿದ್ರೆ ದೊಡ್ಡ ಹೀಟ್‌ಸಿಂಕ್ ಹಾಕಿ ಮುಗಿಸಬಹುದಿತ್ತು. ನಮಗೆ ಚಿಂತೆ ಬೇರೆ ನಾಲ್ಕು ಕಾರಣಕ್ಕೆ.

ಒಂದು, ಸ್ಟಾರ್ಟಿಂಗ್. ನಿಂತ ಸೈಕಲ್‌ಗೆ ಥ್ರಾಟಲ್ ತಿರುಗಿಸಿದಾಗ ಕಂಟ್ರೋಲರ್ ತನ್ನ ಮಿತಿಯವರೆಗೂ ಕರೆಂಟ್ ಕೇಳುತ್ತೆ. ಕನ್ವರ್ಟರ್ ತನ್ನ ಮಿತಿಗೆ ಬಂದರೆ ಔಟ್‌ಪುಟ್ ವೋಲ್ಟೇಜ್ ಕುಸಿಯುತ್ತೆ, ಕಂಟ್ರೋಲರ್ "ಬ್ಯಾಟರಿ ಖಾಲಿ" ಅಂದುಕೊಂಡು ಆಫ್ ಆಗುತ್ತೆ, ಲೋಡ್ ಹೋದ ತಕ್ಷಣ ವೋಲ್ಟೇಜ್ ವಾಪಸ್, ಮತ್ತೆ ಆನ್. ಹಿಂದೆ ಬಸ್ ಇರುವಾಗ ಗಾಡಿ ಹೀಗೆ ಕುಕ್ಕಿದರೆ ತಮಾಷೆ ಅಲ್ಲ.

ಎರಡು, ಕಂಟ್ರೋಲರ್ ಕುರುಡಾಗುತ್ತೆ. ಬ್ಯಾಟರಿ 84ರಲ್ಲಿರಲಿ 62ರಲ್ಲಿರಲಿ, ಕಂಟ್ರೋಲರ್‌ಗೆ ಕಾಣೋದು ಯಾವಾಗಲೂ 48. ಅದರ ಲೋ ವೋಲ್ಟೇಜ್ ಕಟ್‌ಆಫ್ ಕೆಲಸಕ್ಕೆ ಬರಲ್ಲ, ಡಿಸ್‌ಪ್ಲೇ ಮೇಲಿನ ಬ್ಯಾಟರಿ ಗೀಟುಗಳು ಅಲ್ಲಾಡಲ್ಲ. ಕೊನೆಗೆ ಬಿಎಂಎಸ್ ಒಂದೇ ಸಲ ಸಪ್ಲೈ ಕಡಿಯುತ್ತೆ, ಮುನ್ಸೂಚನೆ ಇಲ್ಲದೆ. ಹಳೇ ಪ್ಯಾಕ್‌ನ ಬಿಎಂಎಸ್ ಕೆಟ್ಟಿದ್ದರೆ ಅದೂ ಕಡಿಯಲ್ಲ, ಸೆಲ್‌ಗಳು ತಳ ಕಾಣುವವರೆಗೆ ಖಾಲಿ ಆಗ್ತವೆ. ವೋಲ್ಟೇಜ್ ಇಳಿದಷ್ಟೂ ಅದೇ ಪವರ್‌ಗೆ ಕನ್ವರ್ಟರ್ ಬ್ಯಾಟರಿಯಿಂದ ಹೆಚ್ಚು ಕರೆಂಟ್ ಎಳೆಯುತ್ತೆ: 84 ವೋಲ್ಟ್‌ನಲ್ಲಿ 18 ಆಂಪ್ಸ್ ಇದ್ದದ್ದು 60 ವೋಲ್ಟ್‌ನಲ್ಲಿ 25. ಸುಸ್ತಾದ ಎತ್ತಿಗೇ ಜಾಸ್ತಿ ಹೊರೆ.

ಮೂರು, ಬ್ರೇಕ್. ರೀಜನರೇಟಿವ್ ಬ್ರೇಕಿಂಗ್ ಇರುವ ಕಂಟ್ರೋಲರ್ ಆದರೆ ಇಳಿಜಾರಿನಲ್ಲಿ ಕರೆಂಟ್ ಹಿಂದಕ್ಕೆ ಬರುತ್ತೆ. ಸಾಮಾನ್ಯ ಬಕ್ ಕನ್ವರ್ಟರ್ ಒನ್‌ವೇ ರಸ್ತೆ. ಬಂದ ಚಾರ್ಜ್‌ಗೆ ಹೋಗಲು ಜಾಗ ಇಲ್ಲದೆ ನಡುವಿನ ಕೆಪ್ಯಾಸಿಟರ್‌ಗಳಲ್ಲಿ ವೋಲ್ಟೇಜ್ ಏರುತ್ತೆ, 63 ದಾಟಿಕೊಂಡು.

ನಾಲ್ಕನೇದು, ಎಲ್ಲಕ್ಕಿಂತ ಮುಖ್ಯ. ಪವರ್ ಮಾಸ್‌ಫೆಟ್‌ಗಳು ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿ ಕೆಡುತ್ತವೆ. ಬಕ್ ಕನ್ವರ್ಟರ್‌ನ ಮೇಲಿನ ಮಾಸ್‌ಫೆಟ್ ಶಾರ್ಟ್ ಆದರೆ ಇನ್‌ಪುಟ್‌ನ 84 ವೋಲ್ಟ್ ನೇರವಾಗಿ ಔಟ್‌ಪುಟ್‌ಗೆ. ಅಂದ್ರೆ ಕಂಟ್ರೋಲರ್ ಕಾಪಾಡಲು ಇಟ್ಟ ಸಾಧನ ಸಾಯುವಾಗ ಕಂಟ್ರೋಲರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೆ.

ಮಧ್ಯದಿಂದ ವೈರ್ ಎಳೆಯೋದು

ಇನ್ನೊಂದು ಜಾಣ ಐಡಿಯಾ ಇದೆ: 20 ಸಾಲಿನ ಪ್ಯಾಕ್‌ನಲ್ಲಿ 13ನೇ ಸಾಲಿನಿಂದ ಒಂದು ವೈರ್ ಎಳೆದರೆ 48 ವೋಲ್ಟ್ ಫ್ರೀಯಾಗಿ ಸಿಗುತ್ತೆ. ಸಿಗುತ್ತೆ, ನಿಜ. ಆದರೆ ಕೆಳಗಿನ 13 ಸಾಲು ದುಡಿಯುತ್ತೆ, ಮೇಲಿನ 7 ಸಾಲು ಫುಲ್ ಚಾರ್ಜ್‌ನಲ್ಲಿ ಆರಾಮಾಗಿ ಕೂತಿರುತ್ತೆ. ಚಾರ್ಜರ್ ಹಾಕಿದ ತಕ್ಷಣ ಮೇಲಿನ ಏಳು 4.2 ಮುಟ್ಟಿ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸುತ್ತೆ, ಕೆಳಗಿನವು ಹಸಿದೇ ಇರ್ತವೆ. "ಬ್ಯಾಲೆನ್ಸಿಂಗ್ ಇದೆಯಲ್ಲ" ಅನ್ನಬೇಡಿ. ಸಾಮಾನ್ಯ ಪ್ಯಾಸಿವ್ ಬ್ಯಾಲೆನ್ಸಿಂಗ್ ಕರೆಂಟ್ ಕೆಲವು ಹತ್ತು ಮಿಲಿಆಂಪ್ಸ್. 50 ಮಿಲಿಆಂಪ್ಸ್ ಅಂತ ಹಿಡಿದರೆ, 10 ಆಂಪಿಯರ್-ಅವರ್ ವ್ಯತ್ಯಾಸ ಸರಿ ಮಾಡಲು 200 ಗಂಟೆ. ಎಂಟು ದಿನ ದಾಟುತ್ತೆ. ಅಷ್ಟು ಕಾಯೋ ತಾಳ್ಮೆ ಇಲ್ಲದೆ ಯಾರೋ ಬಿಎಂಎಸ್ಸನ್ನೇ ಬೈಪಾಸ್ ಮಾಡ್ತಾರೆ. ಬೆಂಕಿಗೆ ಆಹ್ವಾನ ಪತ್ರಿಕೆ ಹೋಗೋದು ಆ ದಿನವೇ.

ಕಂಟ್ರೋಲರೇ ಬಕ್ ಕನ್ವರ್ಟರ್

ಈಗ ಮುಖ್ಯ ಮಾತು. ನೀವು ಹುಡುಕ್ತಿರೋ ಹೈ ಕರೆಂಟ್ ಸ್ಟೆಪ್‌ಡೌನ್ ಕನ್ವರ್ಟರ್ ಈಗಾಗಲೇ ನಿಮ್ಮ ಸೈಕಲ್ ಮೇಲಿದೆ. ಅದರ ಹೆಸರು ಮೋಟರ್ ಕಂಟ್ರೋಲರ್.

ಒಳಗೆ ಏನಿದೆ ನೋಡಿ. ಪ್ರತಿ ಫೇಸ್‌ಗೆ ಮೇಲೊಂದು ಮಾಸ್‌ಫೆಟ್, ಕೆಳಗೊಂದು, ಮೂರು ಫೇಸ್‌ಗೆ ಒಟ್ಟು ಆರು ಸ್ವಿಚ್. ಬಕ್ ಕನ್ವರ್ಟರ್ ಚಿತ್ರದಲ್ಲಿ ಇರೋದೂ ಇದೇ ಜೋಡಿ. ಇಂಡಕ್ಟರ್ ಎಲ್ಲಿ? ಮೋಟರ್ ವೈಂಡಿಂಗೇ ಇಂಡಕ್ಟರ್. ಥ್ರಾಟಲ್ ಅರ್ಧಕ್ಕೆ ತಿರುಗಿಸಿದಾಗ ಡ್ಯೂಟಿ ಸೈಕಲ್ ಅರ್ಧ ಆಯ್ತು ಅಂತಿಟ್ಟುಕೊಳ್ಳಿ, 72 ವೋಲ್ಟ್ ಬ್ಯಾಟರಿಯಿಂದ ಮೋಟರ್‌ಗೆ ಸರಾಸರಿ 36 ವೋಲ್ಟ್ ಸಿಗುತ್ತೆ. ಬ್ಯಾಟರಿಯಿಂದ 10 ಆಂಪ್ಸ್ ಹೋದರೆ ಮೋಟರ್‌ನಲ್ಲಿ ಸುಮಾರು 20 ಆಂಪ್ಸ್. ವೋಲ್ಟೇಜ್ ಇಳೀತು, ಕರೆಂಟ್ ಏರಿತು. ನಮಗೆ ಬೇಕಾಗಿದ್ದು ಇದೇ ಅಲ್ವಾ? ಬ್ಯಾಟರಿ ಕರೆಂಟ್ ಬೇರೆ, ಫೇಸ್ ಕರೆಂಟ್ ಬೇರೆ ಅನ್ನೋ ಒಂದು ವಿಷಯ ಅರ್ಥ ಆದರೆ ಗ್ರೂಪ್‌ನ ಅರ್ಧ ಪ್ರಶ್ನೆಗಳು ತಾವಾಗೇ ಮಾಯ.

ಇನ್ನು "48 ವೋಲ್ಟ್ ಮೋಟರ್" ಅಂದರೇನು? ಮೋಟರ್‌ಗೆ ಬ್ಯಾಟರಿಯ ಹೆಸರು ಗೊತ್ತಿಲ್ಲ. ವೋಲ್ಟೇಜ್ ಅದರ ವೇಗ ತೀರ್ಮಾನಿಸುತ್ತೆ, ಕರೆಂಟ್ ಅದರ ಟಾರ್ಕ್ ಮತ್ತು ಅದರ ಬಿಸಿ ತೀರ್ಮಾನಿಸುತ್ತೆ. ಅದೇ ಮೋಟರ್‌ಗೆ 72 ವೋಲ್ಟ್ ಕಂಟ್ರೋಲರ್ ಹಾಕಿದರೆ ನೋ-ಲೋಡ್ ವೇಗ ಒಂದೂವರೆ ಪಟ್ಟು ಆಗುತ್ತೆ, ಅಷ್ಟೇ. ಫೇಸ್ ಕರೆಂಟ್ ಮೊದಲಿನ ಮಿತಿಯಲ್ಲೇ ಇಟ್ಟು, ಬ್ಯಾಟರಿ ಕರೆಂಟನ್ನ 20 ಆಂಪ್ಸ್‌ಗೆ ಕಟ್ಟಿ, ವೇಗಕ್ಕೂ ಮಿತಿ ಹಾಕಿದರೆ ಪವರ್ ಅದೇ 1440 ವ್ಯಾಟ್.

ಜೊತೆಗೆ ಒಂದು ಲಾಭ. ಕನೆಕ್ಟರ್‌ನಲ್ಲಿ 10 ಮಿಲಿಓಮ್ ರೆಸಿಸ್ಟೆನ್ಸ್ ಇದ್ದರೆ 30 ಆಂಪ್ಸ್‌ಗೆ 9 ವ್ಯಾಟ್ ಶಾಖ, 20 ಆಂಪ್ಸ್‌ಗೆ ಬರೀ 4 ವ್ಯಾಟ್. ಹೆಚ್ಚು ವೋಲ್ಟೇಜ್ ಅನ್ನೋದು ಕಳೆದುಕೊಳ್ಳಬೇಕಾದ ತೊಂದರೆ ಅಲ್ಲ, ಸಿಕ್ಕ ಅನುಕೂಲ. 1902ರಲ್ಲಿ ಶಿವನಸಮುದ್ರದಿಂದ ನೂರು ಕಿಲೋಮೀಟರಿಗೂ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದವರು ಇದೇ ಲೆಕ್ಕ ಹಾಕಿದ್ದರು: ದಾರಿಯಲ್ಲಿ ವೋಲ್ಟೇಜ್ ಎತ್ತರದಲ್ಲೇ ಇರಲಿ, ಇಳಿಸೋದು ಕೆಲಸದ ಜಾಗದಲ್ಲಿ. ನಮ್ಮ ಸೈಕಲ್‌ನಲ್ಲಿ ಕೆಲಸದ ಜಾಗ ಕಂಟ್ರೋಲರ್.

ಹಾಗಾದ್ರೆ ಏನ್ ಮಾಡೋದು?

ಮೊದಲು, 30 ಆಂಪ್ಸ್ ನಿಜವಾಗಲೂ ಬೇಕಾ ಅಂತ ಕೇಳಿಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಒಬ್ಬರು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗೋಕೆ ಚಕ್ರಕ್ಕೆ ಬೇಕಾಗೋದು ಸುಮಾರು 150ರಿಂದ 200 ವ್ಯಾಟ್. ನಮ್ಮ ದೇಶದ ನಿಯಮದಲ್ಲೂ ರಿಜಿಸ್ಟ್ರೇಷನ್ ಬೇಡದ ಇ-ಬೈಕ್ ಅಂದ್ರೆ ಮೋಟರ್ ಪವರ್ 250 ವ್ಯಾಟ್‌ಗಿಂತ ಕಡಿಮೆ, ವೇಗ 25ಕ್ಕಿಂತ ಕಡಿಮೆ. 48 ವೋಲ್ಟ್‌ನಲ್ಲಿ 250 ವ್ಯಾಟ್ ಅಂದ್ರೆ 5 ಆಂಪ್ಸ್ ಚಿಲ್ಲರೆ. 1440 ವ್ಯಾಟ್‌ನ ಸೈಕಲ್ ಕಾನೂನಿನ ಕಣ್ಣಲ್ಲಿ ಸೈಕಲ್ಲೇ ಅಲ್ಲ. ಸೈಕಲ್‌ನ ರಿಮ್ ಬ್ರೇಕಿಗೂ ಅದು ಗೊತ್ತಿಲ್ಲ ಅನ್ನೋದು ಬೇರೆ ಮಾತು.

ಬೇಕೇ ಬೇಕು ಅಂದ್ರೆ ಸರಳ ದಾರಿ, 72 ವೋಲ್ಟ್‌ಗೆ ಮಾಡಿದ, ಕರೆಂಟ್ ಮಿತಿ ಹೊಂದಿಸಲು ಬರುವ ಕಂಟ್ರೋಲರ್ ಕೊಳ್ಳಿ. ಆ ಕನ್ವರ್ಟರ್‌ಗೆ ಹಾಕೋ ದುಡ್ಡು ಇದಕ್ಕೆ ಹಾಕಿ. ಒಂದು ಎಚ್ಚರ: 60 ವೋಲ್ಟ್ ಡಿಸಿ ದಾಟಿದ್ದನ್ನ ವಾಹನ ಸುರಕ್ಷತಾ ನಿಯಮಗಳು ಹೈ ವೋಲ್ಟೇಜ್ ಅಂತಲೇ ಲೆಕ್ಕ ಹಾಕ್ತವೆ. ತೆರೆದ ಟರ್ಮಿನಲ್, ಟೇಪ್ ಸುತ್ತಿದ ಜಾಯಿಂಟ್ ಇಲ್ಲಿ ನಡೆಯಲ್ಲ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಅದೂ ಡಿಸಿಗೆ ಆ ವೋಲ್ಟೇಜ್‌ಗೆ ರೇಟ್ ಆದದ್ದು. ಮನೆಯ ಎಸಿ ಎಂಸಿಬಿ ಅಲ್ಲ.

ಎರಡನೇ ದಾರಿ, ಪ್ಯಾಕನ್ನೇ ಮರುಜೋಡಣೆ ಮಾಡಿಸೋದು. 20 ಸಾಲು, 6 ಪ್ಯಾರಲಲ್ ಇರುವ ಪ್ಯಾಕ್‌ನಲ್ಲಿ 120 ಸೆಲ್. ಅದನ್ನ 13 ಸಾಲು, 9 ಪ್ಯಾರಲಲ್ ಮಾಡಿದರೆ 117 ಬಳಕೆಯಾಗಿ ಮೂರು ಉಳಿಯುತ್ತೆ. ಆಗ 30 ಆಂಪ್ಸ್ ಎಳೆದರೂ ಪ್ರತಿ ಸೆಲ್‌ಗೆ 3.33 ಆಂಪ್ಸ್. ಹಳೇ ಜೋಡಣೆಯಲ್ಲಿ 20 ಆಂಪ್ಸ್ ಎಳೆದಾಗಲೂ ಪ್ರತಿ ಸೆಲ್‌ಗೆ ಅಷ್ಟೇ. ಯಾವ ಕನ್ವರ್ಟರ್ ಕೂಡ ಇಲ್ಲದೆ ವೋಲ್ಟೇಜ್ ಇಳೀತು, ಒಂದು ವ್ಯಾಟೂ ಸುಡಲಿಲ್ಲ. ಆದರೆ ಇದಕ್ಕೆ 13 ಸಾಲಿನ ಹೊಸ ಬಿಎಂಎಸ್, 54.6 ವೋಲ್ಟ್‌ನ ಚಾರ್ಜರ್, ಪ್ರತಿ ಸೆಲ್‌ನ ಕೆಪ್ಯಾಸಿಟಿ ಅಳತೆ ಮತ್ತು ಸ್ಪಾಟ್ ವೆಲ್ಡಿಂಗ್ ಗೊತ್ತಿರುವವರ ಕೈ ಬೇಕು. ಹಾಸ್ಟೆಲ್ ರೂಮ್‌ನ ಮಂಚದ ಮೇಲೆ ಮಾಡೋ ಕೆಲಸ ಅಲ್ಲ.

ಹಾಗಂತ ಸ್ಟೆಪ್‌ಡೌನ್ ಕನ್ವರ್ಟರ್‌ಗೆ ಜಾಗವೇ ಇಲ್ಲ ಅಂತಲ್ಲ. ಲೈಟು, ಹಾರ್ನ್, ಇಂಡಿಕೇಟರ್‌ಗೆ 12 ವೋಲ್ಟ್ ಬೇಕು, ಇ-ಸ್ಕೂಟರ್‌ಗಳಲ್ಲಿ ಅದಕ್ಕಾಗಿ ಒಂದು ಚಿಕ್ಕ ಕನ್ವರ್ಟರ್ ಇರುತ್ತೆ. ಅದು ಕೆಟ್ಟರೆ ಬಲ್ಬ್ ಹೋಗಬಹುದು, ಮೋಟರ್ ಕಂಟ್ರೋಲರ್ ಉಳಿಯುತ್ತೆ. ಮೈಲ್ಡ್ ಹೈಬ್ರಿಡ್ ಕಾರುಗಳಲ್ಲಿ 48ರಿಂದ 12ಕ್ಕೆ ಇಳಿಸುವ ಕಿಲೋವ್ಯಾಟ್ ಮಟ್ಟದ ಕನ್ವರ್ಟರ್‌ಗಳೂ ಇವೆ. ಅವು ಹಲವು ಫೇಸ್ ಹಂಚಿಕೊಂಡು, ಸೆನ್ಸರ್ ಇಟ್ಟುಕೊಂಡು, ಕೆಟ್ಟರೆ ಏನಾಗಬೇಕು ಅಂತ ಮೊದಲೇ ಯೋಚಿಸಿ ಮಾಡಿದವು. ಹೆಸರಿಲ್ಲದ ಡಬ್ಬಿಯ ಮೇಲೆ "30ಎ" ಅಂತ ಅಂಟಿಸಿದ ಸ್ಟಿಕರ್ ಅವುಗಳ ಸಮ ಅಲ್ಲ.

ರಿವ್ಯೂನಲ್ಲಿ ಕೇಳಬೇಕಾದ ಪ್ರಶ್ನೆ

ಇಷ್ಟೆಲ್ಲ ಸುಲಭದ ಲೆಕ್ಕ ಇದ್ದರೂ ಆ ಕನ್ವರ್ಟರ್ ಯಾಕೆ ಪದೇ ಪದೇ ಬರುತ್ತೆ? ನಮಗನ್ನಿಸೋದು, ನಮ್ಮ ಪ್ರಾಜೆಕ್ಟ್ ಪದ್ಧತಿಯೇ ಅದನ್ನ ಕರೆಯುತ್ತೆ. ಪಿಪಿಟಿಯಲ್ಲಿ ಬ್ಲಾಕ್ ಡಯಾಗ್ರಾಂ ತುಂಬಿದಷ್ಟೂ ಪ್ರಾಜೆಕ್ಟ್ "ಹೆವಿ" ಕಾಣುತ್ತೆ. ಬ್ಯಾಟರಿ, ಬಾಣ, ಬಕ್ ಕನ್ವರ್ಟರ್, ಬಾಣ, ಕಂಟ್ರೋಲರ್, ಬಾಣ, ಮೋಟರ್. "ನಾವು ಒಂದು ಬ್ಲಾಕ್ ತೆಗೆದುಹಾಕಿದ್ವಿ" ಅಂತ ಹೇಳಿದ ಟೀಮ್‌ಗೆ ಮಾರ್ಕ್ಸ್ ಕೊಡೋ ಕಾಲಂ ರಿವ್ಯೂ ಶೀಟ್‌ನಲ್ಲಿ ಇಲ್ಲ. ಇರಬೇಕು. ಯಾವ ಬ್ಲಾಕ್ ಇಲ್ಲದೆಯೂ ಇದು ನಡೆಯುತ್ತೆ? ಪ್ರತಿ ಬ್ಲಾಕ್ ಕೆಟ್ಟಾಗ ಮುಂದಿನದಕ್ಕೆ ಏನಾಗುತ್ತೆ? ಈ ಎರಡು ಪ್ರಶ್ನೆಯನ್ನ ಗೈಡ್‌ಗಳು ಮೊದಲ ರಿವ್ಯೂನಲ್ಲೇ ಕೇಳಲಿ ಅಂತ ನಮ್ಮ ಕೋರಿಕೆ.

ಇನ್ನೊಂದು ಕೋರಿಕೆ ಜಾಗದ ಬಗ್ಗೆ. 2022ರಲ್ಲಿ ದೇಶದ ಹಲವು ಕಡೆ ಇ-ಸ್ಕೂಟರ್‌ಗಳಿಗೆ ಬೆಂಕಿ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಅದರ ನಂತರ ಎಐಎಸ್-156 ಬ್ಯಾಟರಿ ಸುರಕ್ಷತಾ ನಿಯಮವನ್ನ ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಿಂದ ಎರಡು ಹಂತದಲ್ಲಿ ಜಾರಿಗೆ ತಂದರು. ಕಂಪನಿಗಳಿಗೆ ಇಷ್ಟು ನಿಯಮ. ಅದೇ ಪ್ಯಾಕ್ ಬಿಚ್ಚಿ, ಕವಚ ತೆಗೆದು, ಹಾಸ್ಟೆಲ್‌ನಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿ ಪಕ್ಕದಲ್ಲಿ ಮಲಗುವ ನಮಗೆ ಯಾವ ನಿಯಮವೂ ಇಲ್ಲ. ನಿಷೇಧ ಮಾಡಿ ಅಂತ ಹೇಳ್ತಿಲ್ಲ. ನಿಷೇಧ ಮಾಡಿದರೆ ಬ್ಯಾಟರಿ ಮಂಚದ ಕೆಳಗೆ ಹೋಗುತ್ತೆ, ಅಷ್ಟೇ. ಸಂಜೆ ತೆರೆದಿರುವ ಒಂದು ಬ್ಯಾಟರಿ ಮೂಲೆ ಕೊಡಿ: ಸಿಮೆಂಟ್ ನೆಲ, ಗಾಳಿ, ಕರೆಂಟ್ ಲಿಮಿಟ್ ಇರುವ ಪವರ್ ಸಪ್ಲೈ, ಒಂದು ಕ್ಲಾಂಪ್ ಮೀಟರ್, ಮರಳಿನ ಬಕೆಟ್, ಮತ್ತು ಗೊತ್ತಿರುವ ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್. ರಾತ್ರಿ ಪ್ಯಾಕ್‌ಗಳು ಅಲ್ಲೇ ಇರಲಿ.

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಯಾಕೆ ಬರೀತಿದ್ದೀವಿ ಅಂದ್ರೆ, ಡ್ಯೂಟಿ ಸೈಕಲ್, ಫೇಸ್ ಕರೆಂಟ್ ಎಲ್ಲ ನಾವು ಓದೋದು ಇಂಗ್ಲಿಷ್‌ನಲ್ಲಿ. ಆದರೆ ಪ್ಯಾಕ್ ಬಿಚ್ಚಿ ಕೊಡುವ ಗ್ಯಾರೇಜ್ ಅಣ್ಣನ ಹತ್ತಿರ, ಎಸ್.ಪಿ. ರೋಡ್ ಅಂಗಡಿಯಲ್ಲಿ ನಮ್ಮ ಮಾತು ನಡೆಯೋದು ಕನ್ನಡದಲ್ಲಿ. "ಈ ವೈರ್ ಮಧ್ಯದಿಂದ ಬೇಡ, ಯಾಕಂದ್ರೆ ಹೀಗಾಗುತ್ತೆ" ಅಂತ ಅಲ್ಲಿ ಹೇಳೋಕೆ ಬರಬೇಕು. ಅಲ್ಲಿ ಹೇಳೋಕೆ ಬರದ ವಿಷಯ ನಮಗೆ ಅರ್ಥವಾಗಿದೆ ಅಂತ ನಾವು ನಂಬೋದಿಲ್ಲ.

ಮುಂದಿನ ಸಲ ಗ್ರೂಪ್‌ನಲ್ಲಿ "72ರಿಂದ 48, 30 ಆಂಪ್ಸ್" ಅಂತ ಯಾರಾದರೂ ಕೇಳಿದರೆ ಲಿಂಕ್ ಕಳಿಸಬೇಡಿ. ಬ್ಯಾಟರಿ ಎಷ್ಟು ಸಾಲು, ಕಂಟ್ರೋಲರ್ ಒಳಗಿನ ಕೆಪ್ಯಾಸಿಟರ್ ಎಷ್ಟು ವೋಲ್ಟ್, ನಿಜವಾಗಲೂ ಎಷ್ಟು ವ್ಯಾಟ್ ಬೇಕು, ಈ ಮೂರು ಕೇಳಿ. ಬಹಳ ಸಲ ಕನ್ವರ್ಟರ್ ಕೊಳ್ಳೋ ಪ್ರಶ್ನೆ ಅಲ್ಲಿಗೇ ಮುಗಿಯುತ್ತೆ.